ಬಿಸಿಲು ತಾಸಿನ ಸತ್ಕಾರ

ಹೊಸ ಮೀಟರು ಬಂದ ಮೇಲೆ ಬಸವಲಿಂಗನಿಗೆ ಕೊಂಬು ಬಂದವು. ಇದು ಅವನ ಹೆಂಡತಿ ಕುಸುಮಳ ಮಾತು. ಯಾರ ಎದುರೂ ಬಾಯಿಬಿಟ್ಟು ಹೇಳಿದವಳಲ್ಲ ಅವಳು. ಆಫೀಸಿಗೆ ಹೋಗುವ ಸ್ವಾರಗೇಟಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ತನ್ನಷ್ಟಕ್ಕೆ ಹೇಳಿಕೊಂಡಿದ್ದು, ಅಷ್ಟೆ.

ಕರೆಂಟಿನ ಮೀಟರೇನೋ ಬಿಬ್ವೇವಾಡಿಯ ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಎಲ್ಲರ ಮನೆಗೂ ಬಂತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಅಂದರೆ ಬಿಸಿಲಿದ್ದಾಗ, ಉರಿಸಿದ ಕರೆಂಟಿಗೆ ದರ ಕಡಿಮೆ ಎಂದು ಎಲ್ಲರ ಮೊಬೈಲಿಗೂ ಮರಾಠಿಯಲ್ಲಿ ಸಂದೇಶ ಬಂತು. ಹೆಚ್ಚಿನವರು ಓದಿ ಸುಮ್ಮನಾದರು. ಬಸವಲಿಂಗ ಸುಮ್ಮನಾಗಲಿಲ್ಲ, ಯಾಕೆಂದರೆ ಅವನಿಗೆ ಪುರಸೊತ್ತಿತ್ತು. ಅವನು ಲೆಕ್ಕ ಬರೆಯುತ್ತಿದ್ದ ಟ್ರಾನ್ಸ್‌ಪೋರ್ಟ್ ಕಂಪನಿ ಊರಾಚೆ ಸಾಸವಡದ ಕಡೆ ಎದ್ದು ಹೋದ ಮೇಲೆ, ಮಾರ್ಕೆಟ್ ಯಾರ್ಡಿನ ಕೆಲವು ಅಡತಿ ದಲಾಲರ ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡುತ್ತಿದ್ದ. ಹೆಂಡತಿ ಸಹಕಾರಿ ಸಂಘದ ಆಫೀಸಿಗೆ ಹೋದಳು, ಮಗಳು ರೇಣು ಕಾಲೇಜಿಗೆ ಹೋದಳು ಅಂದರೆ ಮನೆಯಲ್ಲಿ ಉಳಿಯುವವರು ಇಬ್ಬರೇ, ಅವನು ಮತ್ತು ಅವನ ತಾಯಿ ಶಿವಬಸವ್ವ. ಆ ಒಂಬತ್ತರಿಂದ ಐದಕ್ಕೆ ‘ಬಿಸಲ ತಾಸು’ ಎಂದು ಹೆಸರಿಟ್ಟವಳೂ ಶಿವಬಸವ್ವನೇ.

ಅದಕ್ಕೂ ಮೊದಲು ಆ ಮನೆಯ ಯಂತ್ರಗಳೆಲ್ಲ ಕುಸುಮಳ ಕೈಯಲ್ಲಿದ್ದವು. ಕತ್ತಲಿರುವಾಗಲೇ ಎದ್ದು ಗೀಸರ್ ಹಾಕುವುದು, ಮಿಕ್ಸರಿನಲ್ಲಿ ಚಟ್ನಿ ತಿರುವುವುದು, ಆಫೀಸಿನಿಂದ ಬಂದು ಬ್ಯಾಗು ಇಳಿಸುವುದರೊಳಗೆ ಮಶೀನಿಗೆ ಬಟ್ಟೆ ತುಂಬುವುದು, ಊಟವಾದ ಮೇಲೆ ಇಸ್ತ್ರಿ. ಮದುವೆಯಾದಾಗಿನಿಂದ ಹೀಗೇ. ಯಾರೂ ಅದನ್ನು ಕೆಲಸ ಎಂದು ಕರೆದಿರಲಿಲ್ಲ. ಫ್ಯಾನು ತಿರುಗುವ ಹಾಗೆ ಅದೂ ನಡೆದುಕೊಂಡು ಹೋಗುತ್ತಿತ್ತು.

ಈಗ ಬಸವಲಿಂಗ ಎಲ್ಲವನ್ನೂ ಬಿಸಿಲಿಗೆ ಎಳೆದ. ಒಂಬತ್ತು ಹೊಡೆಯುವುದೇ ತಡ, ಮಶೀನು ಗುರ್ ಎನ್ನಬೇಕು. ಹತ್ತಕ್ಕೆ ಗೀಸರ್, ಅವನ ಮತ್ತು ಅವ್ವನ ಜಳಕ; ರೇಣುವಿನದು ಕಾಲೇಜಿನಿಂದ ಬಂದ ಮೇಲೆ. ಹನ್ನೊಂದಕ್ಕೆ ಮಿಕ್ಸರು. ಆಮೇಲೆ ಕರೆಂಟಿನ ಒಲೆಯ ಮೇಲೆ ಪಲ್ಯ, ಕರೆಂಟಿನ ಕುಕ್ಕರಿನಲ್ಲಿ ಅನ್ನ, ಅದೇ ಸಂಜೆಗೂ ಆಯಿತು. ಮಧ್ಯಾಹ್ನ ಇಸ್ತ್ರಿ. ಐದಕ್ಕೆ ಎಲ್ಲ ಬಂದ್.

ಮೊದಲ ವಾರ ಕುಸುಮಳಿಗೆ ಹಾಯೆನಿಸಿತು, ಸುಳ್ಳೇಕೆ ಹೇಳಬೇಕು? ಬಾಗಿಲು ತೆರೆದರೆ ಮಡಚಿಟ್ಟ ಬಟ್ಟೆ, ಮುಚ್ಚಿಟ್ಟ ಅಡುಗೆ. ಸೋಫಾದ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿದಳು. ಎದುರಿನ ಮನೆಯ ನೀತಾ ವಹಿನಿ, ಅಂದರೆ ನೀತಾ ಅತ್ತಿಗೆ, ಬಂದು, ಅಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು, ನಮ್ಮವನು ತಾನು ಕುಡಿದ ಲೋಟವನ್ನೂ ಎತ್ತುವುದಿಲ್ಲ ಎಂದಾಗ ನಕ್ಕು ಹೌದು ಎಂದಳು.

ಎರಡನೆಯ ವಾರ ಅದೇ ಮಾತು ಲಿಫ್ಟಿನಲ್ಲಿ ಬಂತು. ಮೂರನೆಯ ವಾರ ಕಾಯಿಪಲ್ಯೆಯ ಗಾಡಿಯ ಹತ್ತಿರ ಬಂತು. ಬಸವಲಿಂಗ ಬಾಲ್ಕನಿಯಲ್ಲಿ ನಿಂತು ನಡುಮಧ್ಯಾಹ್ನ ಬಟ್ಟೆ ಒಣಹಾಕುವುದನ್ನು ಎದುರು ಬಿಲ್ಡಿಂಗಿನ ಹೆಂಗಸರು ತಮ್ಮ ಗಂಡಂದಿರಿಗೆ ಬೆರಳು ಮಾಡಿ ತೋರಿಸಿದರಂತೆ. ಯಾರೋ ಇಬ್ಬರು ಯಾವ ಯಂತ್ರವನ್ನು ಯಾವಾಗ ಹಾಕಬೇಕು ಎಂದು ಕೇಳಲು ಮನೆಗೇ ಬಂದರಂತೆ, ಅವನು ಅವರಿಗೆ ಚಹಾ ಕೊಟ್ಟು ಪಾಠ ಹೇಳಿದನಂತೆ. ಇದನ್ನೆಲ್ಲ ಅವನೇ ಸಂಜೆ ಊಟಕ್ಕೆ ಕೂತು ಹೇಳುತ್ತಿದ್ದ. ಕುಸುಮ ಅನ್ನ ಕಲಸುತ್ತ ಕೇಳುತ್ತಿದ್ದಳು. ಕಲಸಿದ್ದನ್ನೇ ಮತ್ತೆ ಕಲಸುತ್ತಿದ್ದಳು.

ಇದು ಹೊಟ್ಟೆಕಿಚ್ಚೇ. ಬೇರೆ ಹೆಸರು ಹುಡುಕುವುದು ಬೇಡ. ಇಷ್ಟು ವರ್ಷ ಇದೇ ಮಶೀನಿನಿಂದ ಬಟ್ಟೆ ತೆಗೆದು ಇದೇ ಬಾಲ್ಕನಿಯಲ್ಲಿ ಒಣಹಾಕಿದ್ದಾಳೆ ಅವಳು. ಯಾರಾದರೂ ಬೆರಳು ಮಾಡಿ ತೋರಿಸಿದ್ದರೇ? ಅವಳಿಗೆ ಬೇಕಾಗಿದ್ದು ಒಂದೇ. ಈ ಮನೆ ಯಾರ ಕೈಯಿಂದ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ಅವಳ ಹೆಸರು ಬರಬೇಕು. ಆ ಹೆಸರು ಅವಳ ಕಣ್ಣೆದುರೇ ಗಂಡನಿಗೆ ಹೋಗುತ್ತಿತ್ತು.

ಅವಳನ್ನು ಇನ್ನೂ ಉರಿಸಿದ್ದು ರೊಟ್ಟಿ. ಜೋಳದ ರೊಟ್ಟಿ ಬಡಿಯಲು ಕರೆಂಟು ಬೇಡ. ಗ್ಯಾಸು, ಹಂಚು, ಎರಡು ಕೈ ಇದ್ದರೆ ಆಯಿತು. ಆದ್ದರಿಂದ ಅದು ಬಸವಲಿಂಗನ ಬಿಸಿಲು ತಾಸಿಗೆ ಸೇರಲಿಲ್ಲ. ಕಸ ಗುಡಿಸುವುದೂ ಸೇರಲಿಲ್ಲ, ನೆಲ ಒರೆಸುವುದೂ, ಪಾತ್ರೆ ತಿಕ್ಕುವುದೂ, ಬಚ್ಚಲು ತೊಳೆಯುವುದೂ ಸೇರಲಿಲ್ಲ. ಅವೆಲ್ಲ ಮೊದಲಿನಂತೆ ಕತ್ತಲೆಯಲ್ಲಿ ಕುಸುಮಳ ಪಾಲಿಗೇ ಉಳಿದವು. ಬೆಳಿಗ್ಗೆ ಎಲ್ಲರೂ ಮಲಗಿದ್ದಾಗ ಇಡೀ ದಿನದ ರೊಟ್ಟಿ ಬಡಿದಿಟ್ಟು ಅವಳು ಬಸ್ಸು ಹಿಡಿಯುತ್ತಿದ್ದಳು. ಮೀಟರು ತಿರುಗದ ಕೆಲಸಕ್ಕೆ ಬಿಲ್ಲೂ ಇಲ್ಲ, ಹೊಗಳಿಕೆಯೂ ಇಲ್ಲ.

ಡಿಸೆಂಬರಿನ ಚಳಿ ಬಿತ್ತು. ಒಂದು ಬೆಳಿಗ್ಗೆ ಎಷ್ಟು ಸಲ ಗುಂಡಿ ಒತ್ತಿದರೂ ಗೀಸರಿನ ದೀಪ ಹತ್ತಲಿಲ್ಲ. ಕುಸುಮ ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು.

“ಅದರ ಮೇನ್ ಬಂದ್ ಮಾಡೀನಿ,” ಎಂದ ಬಸವಲಿಂಗ ಹಾಸಿಗೆಯಲ್ಲೇ. “ನೀ ಮರತು ಹಾಕಿಬಿಡ್ತಿ ಅಂತ.”

“ಮತ್ತ ನಾ ಜಳಕ ಹೆಂಗ ಮಾಡ್ಲಿ?”

“ಒಂಬತ್ತು ಆದ ಮ್ಯಾಲ ಮಾಡು.”

“ಒಂಬತ್ತಕ್ಕ ನಾ ಸ್ವಾರಗೇಟದಾಗ ಇರ್ತೀನ್ರಿ.”

ಬಸವಲಿಂಗ ಕಣ್ಣು ಮುಚ್ಚಿಕೊಂಡೇ ಯೋಚಿಸಿದ. ಗ್ಯಾಸಿನ ಮೇಲೆ ಕಾಸಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ ಎಂದ. ತಣ್ಣೀರಿನಲ್ಲಿ ಜಳಕ ಮಾಡಿದರೆ ಮೈ ಗಟ್ಟಿಯಾಗುತ್ತದೆ ಎಂದೂ ಹೇಳಿ ಮಗ್ಗುಲು ಬದಲಿಸಿದ.

ಅವಳು ನೀರನ್ನು ಗ್ಯಾಸಿನ ಮೇಲೆ ಇಡಬಹುದಿತ್ತು. ಇಡಲಿಲ್ಲ. ಹಟಕ್ಕೆ ಬಿದ್ದು ತಣ್ಣೀರು ಸುರಿದುಕೊಂಡಳು, ಗಡಗಡ ನಡುಗಿದಳು, ಹಲ್ಲು ಕಟಕಟ ಎಂದವು. ಗಂಡ ಆ ಸದ್ದು ಕೇಳಲಿ ಎಂದು ಮಲಗುವ ಕೋಣೆಯ ಬಾಗಿಲಲ್ಲೇ ನಿಂತು ತಲೆ ಒರೆಸಿಕೊಂಡಳು. ಅವನು ಗೊರಕೆ ಹೊಡೆಯುತ್ತಿದ್ದ. ಅಂದಿನಿಂದ ದಿನವೂ ತಣ್ಣೀರೇ ಆಯಿತು. ಅವಳೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಮಗಳಾದರೂ ತನ್ನ ಕಡೆ ಇದ್ದಾಳೆ ಎಂದುಕೊಂಡಿದ್ದಳು. ಒಂದು ಭಾನುವಾರ ರೇಣು ಕಾಲೇಜಿನ ಶರ್ಟು ಹಿಡಿದುಕೊಂಡು ಅಪ್ಪನನ್ನು ಹುಡುಕುತ್ತ ಬಂದಳು. ಇಲ್ಲಿ ಕೊಡು, ನಾನು ಇಸ್ತ್ರಿ ಮಾಡುತ್ತೇನೆ ಎಂದು ಕುಸುಮ ಕೈ ಚಾಚಿದಳು.

“ಬ್ಯಾಡ ಮಮ್ಮಿ. ನೀ ಮಾಡಿದ್ರ ಕಾಲರ್ ಮಡಚ್ತದ. ಪಪ್ಪಾ ಭಾಳ ಚಲೋ ಮಾಡ್ತಾರ.”

ಎದೆಗೆ ಒದ್ದಂತಾಯಿತು ಕುಸುಮಳಿಗೆ. ಹುಡುಗಿಯ ಅಂಗನವಾಡಿಯ ಲಂಗದಿಂದ ಹಿಡಿದು ಇಲ್ಲಿಯತನಕ ಇಸ್ತ್ರಿ ಮಾಡಿದವಳು ತಾನು. ಒಳಗೆ ಹೋಗಿ, ಬಸವಲಿಂಗ ಮಡಚಿ ಪೇರಿಸಿಟ್ಟ ಅವನದೇ ಒಂದು ಶರ್ಟನ್ನು ಹೊರಗೆಳೆದು, ಎರಡೂ ಕೈಯಲ್ಲಿ ಹಿಂಡಿ ಮುದ್ದೆ ಮಾಡಿ, ಮತ್ತೆ ಅದೇ ಜಾಗದಲ್ಲಿ ತುರುಕಿದಳು. ಮರುದಿನ ಅವನು ಅದನ್ನು ನೋಡಿ ಬಟ್ಟೆಯದೇ ದೋಷ ಎಂದ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಇನ್ನು ಅತ್ತೆ. ಶಿವಬಸವ್ವ ಇಳಿಹೊತ್ತಿನಲ್ಲಿ ಪಾರ್ಕಿಂಗಿನ ಬೆಂಚಿನ ಮೇಲೆ ಕೂಡುವವಳು. ಹೋಗುವ ಬರುವವರನ್ನೆಲ್ಲ ನಿಲ್ಲಿಸಿ, ನನ್ನ ಮಗ ಅರಿವೆ ಒಗೆಯುತ್ತಾನೆ, ಅಡುಗೆ ಮಾಡುತ್ತಾನೆ, ಸೊಸೆಯ ಸೀರೆಗೂ ಅವನೇ ಇಸ್ತ್ರಿ ಎಂದು ತನ್ನ ಕನ್ನಡ ಬೆರೆತ ಮರಾಠಿಯಲ್ಲಿ ಸಾರುತ್ತಿದ್ದಳು. ಆಫೀಸಿನಿಂದ ಬರುವಾಗ ಕುಸುಮ ಇದನ್ನು ಗೇಟಿನಿಂದಲೇ ಕೇಳಿದ್ದಳು. ಇಷ್ಟು ವರ್ಷದಲ್ಲಿ ಅತ್ತೆ ತನ್ನ ರೊಟ್ಟಿ ಚೆನ್ನಾಗಿದೆ ಎಂದು ಒಂದೇ ಒಂದು ದಿನ ಅಂದಿರಲಿಲ್ಲ. ಮುರಿದು, ಮೂಸಿ, ತಿಂದು, ಏಳುತ್ತಿದ್ದಳು. ಮಗ ಒಂದು ಗುಂಡಿ ಒತ್ತಿದರೆ ಊರೆಲ್ಲ ಡಂಗುರ.

ಜನವರಿಯಲ್ಲಿ ಸೊಸೈಟಿಯ ಕಾರ್ಯದರ್ಶಿ ಋಷಿಕೇಶ ಮನೆಗೆ ಬಂದ. ಮೊದಲ ಮಾಳಿಗೆಯ ಹುಡುಗ, ಚುರುಕು, ಕೈಯಲ್ಲಿ ಯಾವಾಗಲೂ ಮೊಬೈಲು. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕರೆಂಟಿನ ಬಿಲ್ಲು ಹಾಕಿದ್ದಾರೆ, ಎಲ್ಲಕ್ಕಿಂತ ಹೆಚ್ಚು ಇಳಿದದ್ದು ನಿಮ್ಮದೇ ಎಂದ. ಇಪ್ಪತ್ತಾರರಂದು ಧ್ವಜವಂದನೆ ಮುಗಿದ ಮೇಲೆ ಬಸವಲಿಂಗ ದಾದಾ ಅವರ ‘ಸತ್ಕಾರ’ ಇಟ್ಟುಕೊಂಡಿದ್ದೇವೆ, ಮನೆಯವರೆಲ್ಲ ಬರಬೇಕು ಎಂದ. ಬಸವಲಿಂಗ ಬೇಡ ಬೇಡ ಎನ್ನುತ್ತ ಕಿವಿಯವರೆಗೆ ನಕ್ಕ. ಕುಸುಮ ಬಿಸ್ಕೀಟಿನ ತಟ್ಟೆ ಇಟ್ಟು ಅಡುಗೆಮನೆಗೆ ಹೋಗಿ ನಳ ಜೋರಾಗಿ ಬಿಟ್ಟಳು. ಶಿವಬಸವ್ವ ಮಾತ್ರ ಮೂಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸತ್ಕಾರ ಏನು, ಚಲೋ ಆತು ಎಂದಳು.

ಮರಾಠಿ ಮಂದಿಗೆ ಸತ್ಕಾರ ಎಂದರೆ ಸನ್ಮಾನ: ಒಂದು ಶಾಲು, ಒಂದು ತೆಂಗಿನಕಾಯಿ, ಎರಡು ಮಾತು, ಚಪ್ಪಾಳೆ. ವಿಜಯಪುರದ ಕಡೆಯಿಂದ ಬಂದ ಶಿವಬಸವ್ವನ ಬಾಯಲ್ಲಿ ಸತ್ಕಾರ ಎಂದರೆ ಮನೆಗೆ ಕರೆದು, ಮಣೆ ಹಾಕಿ, ಹೊಟ್ಟೆ ತುಂಬ ಬಡಿಸುವುದು. ಈ ಅಂತರ ಅವತ್ತು ಬಸವಲಿಂಗನ ತಲೆಗೂ ಬರಲಿಲ್ಲ, ಕುಸುಮಳ ತಲೆಗೂ ಬರಲಿಲ್ಲ.

ಇಪ್ಪತ್ತಾರಕ್ಕೆ ಇನ್ನೆರಡು ದಿನವಿತ್ತು. ಕುಸುಮ ಬಸ್ಸಿಗೆ ನಿಂತಿದ್ದಾಗ ನೀತಾ ವಹಿನಿ ಸಿಕ್ಕಳು. ಅಷ್ಟು ಮಂದಿಗೆ ಅಡುಗೆ ಮನೆಯಲ್ಲೇ ಮಾಡುತ್ತೀರೋ ಹೊರಗಿನಿಂದ ತರಿಸುತ್ತೀರೋ ಎಂದು ಕೇಳಿದಳು. ಕುಸುಮಳಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು: ಆಜಿ, ಅಂದರೆ ಅತ್ತೆ ಶಿವಬಸವ್ವ, ಮಾಳಿಗೆ ಮಾಳಿಗೆ ಹತ್ತಿಳಿದು, ಇಪ್ಪತ್ತಾರಕ್ಕೆ ನಮ್ಮಲ್ಲಿ ಸತ್ಕಾರ ಅದ, ಎಲ್ಲರೂ ಊಟಕ್ಕೆ ಬರ್ರಿ ಎಂದು ಕರೆದು ಬಂದಿದ್ದಾಳೆ.

ಸೋಲಾಪುರದಲ್ಲಿ ಹುಟ್ಟಿದ ಕುಸುಮಳಿಗೆ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಅತ್ತೆ ಎಲ್ಲಿ ಎಡವಿದ್ದಾಳೆ ಎಂಬುದು ತಟ್ಟನೆ ಹೊಳೆಯಿತು. ನಗು ಒದ್ದುಕೊಂಡು ಬಂತು. ಅಯ್ಯೋ, ಅದು ಹಾಗಲ್ಲ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ನೀತಾ ವಹಿನಿ, ನಿಮಗೇನು ಚಿಂತೆ, ಎಲ್ಲ ಭಾವೂಜಿಯೇ ಮಾಡುತ್ತಾರಲ್ಲ, ನಶೀಬವಂತೆ ನೀವು ಎಂದಳು.

ಕುಸುಮ ಬಾಯಿ ಮುಚ್ಚಿದಳು. ಬರ್ರಿ, ತಪ್ಪದೆ ಬರ್ರಿ ಎಂದು ಮರಾಠಿಯಲ್ಲಿ ಉಪಚಾರ ಹೇಳಿ ಬಸ್ಸು ಹತ್ತಿದಳು. ಹೆಗಲ ಮೇಲೆ ಶಾಲು, ಎದುರಿಗೆ ಸೊಸೈಟಿಯ ಅರ್ಧ ಮಂದಿ ಹಸಿದು ಕೂತಿದ್ದಾರೆ, ಒತ್ತು ನಿನ್ನ ಗುಂಡಿ! ಆ ದೃಶ್ಯ ನೆನೆದು ಅವಳು ಸ್ವಾರಗೇಟಿನ ತನಕ ಖುಷಿಪಟ್ಟಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಇಪ್ಪತ್ತಾರರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಧ್ವಜ ಏರಿತು, ಮಕ್ಕಳಿಗೆ ಚಾಕಲೇಟು ಹಂಚಿದರು. ಋಷಿಕೇಶ ಮೈಕು ಹಿಡಿದು ಬಸವಲಿಂಗನನ್ನು ಹಾಡಿ ಹೊಗಳಿದ. ಶಾಲು ಹೊದಿಸಿದರು, ತೆಂಗಿನಕಾಯಿ ಕೈಗಿಟ್ಟರು. ಎರಡು ಮಾತು ಹೇಳಿ ಎಂದರು. ಬಸವಲಿಂಗ ಗಂಟಲು ಸರಿಮಾಡಿಕೊಂಡು, ಹೆಂಡತಿ ನೌಕರಿಗೆ ಹೋಗುತ್ತಾಳೆ, ಹೀಗಾಗಿ ಮನೆಯ ಪೂರ್ತಿ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ, ನಾನು ಅದನ್ನು ಭಾರವೆಂದು ತಿಳಿದಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಚಪ್ಪಾಳೆಯೋ ಚಪ್ಪಾಳೆ. ಕುಸುಮ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಪೂರ್ತಿ ಜವಾಬ್ದಾರಿ! ಆ ಬೆಳಗಿನ ರೊಟ್ಟಿಯ ಹಿಟ್ಟು ಇನ್ನೂ ಅವಳ ಉಗುರಿನ ಸಂದಿಯಲ್ಲಿತ್ತು.

ಚಪ್ಪಾಳೆ ನಿಂತದ್ದೇ ಶಿವಬಸವ್ವ ಎದ್ದು ನಿಂತಳು. ಇನ್ನು ಎಲ್ಲರೂ ಮ್ಯಾಲ ಬರ್ರಿ, ಊಟಕ್ಕ ಏಳ್ರಿ ಎಂದಳು.

ಮಂದಿ ಎದ್ದರು. ಬಸವಲಿಂಗನ ಮುಖ ಬಿಳಿಚಿತು. ಹೇಗೋ ತಾಯಿಯನ್ನು ಲಿಫ್ಟಿಗೆ ಹತ್ತಿಸಿ ಎಲ್ಲರಿಗಿಂತ ಮೊದಲು ಮನೆಗೆ ಬಂದು, ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಸತ್ಕಾರ ಎಂದರೆ ಶಾಲು ಮತ್ತು ಕಾಯಿ ಅಷ್ಟೇ, ಊಟ ಅಲ್ಲ ಎಂದ. ನಮ್ಮ ಕಡೆ ಸತ್ಕಾರ ಅಂದರೆ ಊಟವೇ ಎಂದಳು ಆಕೆ. ಹೋಟೆಲ್ಲಿನಿಂದ ತರಿಸುತ್ತೇನೆ ಎಂದ. ನನ್ನ ಬಾಯಿಂದ ಕರೆದಿದ್ದೇನೆ, ಮನೆಯಲ್ಲಿ ಮಾಡಿದ್ದೇ ಹಾಕಬೇಕು ಎಂದಳು. ಹೊರಗೆ ಮಂದಿ ಆಗಲೇ ಚಾಪೆ ಬಿಡಿಸಿಕೊಂಡು ಕೂಡುತ್ತಿದ್ದರು. ಬಸವಲಿಂಗ ಹಿಂದೆಯೇ ಬಂದು ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

“ಕುಸುಮಾ, ಏನರೆ ಮಾಡು.”

ಕುಸುಮ ರೇಷ್ಮೆ ಸೀರೆಯ ನೆರಿಗೆ ಸರಿಪಡಿಸಿಕೊಂಡಳು. “ಬಿಸಲ ತಾಸು ಅದಲ್ಲ. ನೀವ ಮಾಡ್ರಿ,” ಎಂದಳು.

ಮಾಡಿದ, ಪಾಪ. ಕುಕ್ಕರಿಗೆ ಅಕ್ಕಿ ಹಾಕಿ ಗುಂಡಿ ಒತ್ತಿದ, ಕರೆಂಟಿನ ಒಲೆಯ ಮೇಲೆ ಬೇಳೆ ಇಟ್ಟ, ಮಿಕ್ಸರಿಗೆ ಕೊಬ್ಬರಿ ಹಾಕಿದ. 

ಬಚ್ಚಲಿನಲ್ಲಿ ಒಂಬತ್ತಕ್ಕೆ ಹಾಕಿದ್ದ ಬಟ್ಟೆಯ ಮಶೀನು ಇನ್ನೂ ನಡೆದೇ ಇತ್ತು. ಮಿಕ್ಸರು ಒಂದು ಸುತ್ತು ಗರ್ ಎಂದದ್ದೇ ಟಪ್ ಎಂದು ಮೇನ್ ಸ್ವಿಚ್ಚು ಬಿತ್ತು. ಎತ್ತಿದ, ಮತ್ತೆ ಬಿತ್ತು. ಫ್ಯಾನು ನಿಂತು ಹೊರಗಿನ ಮಂದಿ ಒಳಗೆ ಇಣುಕಿದರು. ನೀತಾ ವಹಿನಿ ಮತ್ತು ಋಷಿಕೇಶ ಅಡುಗೆಮನೆಯ ಬಾಗಿಲಿಗೇ ಬಂದರು. ಬಸವಲಿಂಗನ ಹಣೆಯಿಂದ ಬೆವರು ಇಳಿಯುತ್ತಿತ್ತು. ಶಾಲು ಇನ್ನೂ ಹೆಗಲ ಮೇಲೇ ಇತ್ತು. ಅವನು ಅವರೆದುರೇ ತಾಯಿಯ ಮೇಲೆ ಹರಿಹಾಯ್ದ.

“ನಿನಗ ಮರಾಠಿ ತಿಳಿಯಂಗಿಲ್ಲ ಅಂದ್ರ ಸುಮ್ಮ ಕುಂದ್ರಬೇಕಿತ್ತು ಅವ್ವಾ. ಅಡ್ಡಾಡಿ ಮಂದಿನ್ನ ಕರದು ನನ್ನ ಮಾನ ಕಳದಿ.”

ಕನ್ನಡ ಬಾರದವರಿಗೂ ಆ ಮಾತಿನ ಧಾಟಿ ತಿಳಿಯುವಂತಿತ್ತು. ಶಿವಬಸವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು.

ಗಂಡನಿಗೆಂದು ಕುಸುಮ ಎತ್ತಿದ ಕಲ್ಲು ಮುದುಕಿಗೆ ಬಿದ್ದಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ತಾನು, ಬೈಸಿಕೊಂಡವಳು ಅವಳು. ಕುಸುಮ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನೀತಾ ವಹಿನಿಯ ಕಡೆ ತಿರುಗಿ, ನಮ್ಮ ಕನ್ನಡದಲ್ಲಿ ಸತ್ಕಾರ ಅಂದರೆ ಇದೇ, ಅತ್ತೆಯವರು ಸರಿಯಾಗೇ ಕರೆದಿದ್ದಾರೆ, ಸ್ವಲ್ಪ ತಡವಾಗುತ್ತದೆ, ಕೂತಿರಿ ಎಂದು ಮರಾಠಿಯಲ್ಲಿ ಹೇಳಿದಳು. ಗಂಡನಿಗೆ ಕನ್ನಡದಲ್ಲಿ ಹೇಳಿದಳು:

“ಶಾಲು ತಗದಿಟ್ಟು ಎಲ್ಲಾರಿಗೂ ನೀರು ಕೊಡ್ರಿ.”

ಹಿಟ್ಟು ತಳ ಕಂಡಿರಬೇಕು ಎಂದುಕೊಂಡು ಡಬ್ಬಿ ತೆಗೆದರೆ ಕಂಠಮಟ್ಟ ತುಂಬಿತ್ತು, ಹೊಸದಾಗಿ ಬೀಸಿಸಿದ ಜೋಳದ ಹಿಟ್ಟು. ಆಶ್ಚರ್ಯಪಡಲೂ ವೇಳೆ ಇರಲಿಲ್ಲ. ಗ್ಯಾಸಿನ ಒಂದು ಒಲೆಯ ಮೇಲೆ ಕಡಲೆಹಿಟ್ಟಿನ ಝುಣಕ, ಇನ್ನೊಂದರ ಮೇಲೆ ಹಂಚು. ಕುದಿನೀರು ಹಾಕಿ ಹಿಟ್ಟು ನಾದಿದಳು, ಬಡಿದಳು. ರೇಣು ಉಳ್ಳಾಗಡ್ಡಿ ಹೆಚ್ಚಿದಳು, ಶೇಂಗಾ ಹಿಂಡಿ ತೆಗೆದಿಟ್ಟಳು. ನೀತಾ ವಹಿನಿ ತನ್ನ ಮನೆಯಿಂದ ಮೊಸರು ತಂದಳು. ರೊಟ್ಟಿ ಬಡಿಯುವ ಸದ್ದಿಗೆ ಹೊರಗಿನ ಮಾತು ನಿಂತು, ಒಬ್ಬೊಬ್ಬರೇ ಬಾಗಿಲಿಗೆ ಬಂದು ನೋಡತೊಡಗಿದರು. ಕೈಯಿಂದ ಕೈಗೆ, ಕೈಯಿಂದ ಹಂಚಿಗೆ, ಹಂಚಿನಿಂದ ಉರಿಗೆ. ಉಬ್ಬಿದ ರೊಟ್ಟಿ ನೇರವಾಗಿ ತಟ್ಟೆಗೆ ಹೋಗುತ್ತಿತ್ತು. ಬಿಸಿ ಬಿಸಿ ರೊಟ್ಟಿಗೆ ಮಂದಿ ಮತ್ತೆ ಮತ್ತೆ ಕೈ ಚಾಚಿದರು.

ನಾನು ಭಾಕರಿ ಬಡಿದು ಎಷ್ಟೋ ವರ್ಷವಾಯಿತು, ಈಗ ಹೊರಗಿನಿಂದ ತರಿಸುತ್ತೇವೆ ಎಂದಳು ನೀತಾ ವಹಿನಿ. ನಿಮ್ಮಲ್ಲಿ ದಿನಾ ಯಾರು ಮಾಡುತ್ತಾರೆ ಎಂದು ಕೇಳಿದಳು. ಕೇಳುವಾಗ ಅವಳ ಕಣ್ಣು, ತಂಬಿಗೆ ಹಿಡಿದು ನಿಂತಿದ್ದ ಬಸವಲಿಂಗನ ಕಡೆಗೇ ಹೋಯಿತು.

ಉತ್ತರ ಕೊಟ್ಟವಳು ರೇಣು. ಉಳ್ಳಾಗಡ್ಡಿಯಿಂದ ತಲೆ ಎತ್ತದೆ ಮರಾಠಿಯಲ್ಲೇ ಹೇಳಿದಳು. “ಮಮ್ಮಿ. ರೋಜ್ ಸಕಾಳಿ, ಥಂಡ ಪಾಣ್ಯಾನೇ ಆಂಘೋಳ ಕರೂನ.” ದಿನಾ ಬೆಳಿಗ್ಗೆ, ತಣ್ಣೀರಿನಲ್ಲಿ ಜಳಕ ಮಾಡಿ.

ಬಸವಲಿಂಗನ ತಂಬಿಗೆಯಿಂದ ಯಾರದೋ ಲೋಟಕ್ಕೆ ನೀರು ತುಂಬಿ ಚೆಲ್ಲಿತು. ಕೊನೆಗೆ ಋಷಿಕೇಶ ನಕ್ಕು, ದಾದಾ, ನಾವು ಶಾಲು ತಪ್ಪಿದ ಹೆಗಲಿಗೆ ಹೊದಿಸಿದೆವು ಎಂದು ಕಾಣುತ್ತದೆ ಎಂದ. ಎಲ್ಲರೂ ನಕ್ಕರು. ಬಸವಲಿಂಗನೂ ನಕ್ಕ, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ.

ಕುಸುಮ ಹಂಚಿನ ಕಡೆ ಮುಖ ಮಾಡಿಕೊಂಡೇ ಇದ್ದಳು. ಕಣ್ಣು ತುಂಬಿದ್ದು ಹೊಗೆಗೆ ಎಂದು ಯಾರಾದರೂ ತಿಳಿಯಲಿ. ಇಷ್ಟು ವಾರ ಉರಿದ ಹೊಟ್ಟೆ ತಣ್ಣಗಾಗಿತ್ತು. ಮಗಳು ನೋಡಿದ್ದಳಲ್ಲ, ಅದೇ ಸಾಕಾಗಿತ್ತು.

ಮಂದಿ ಹೋದರು. ಹೋಗುವಾಗ ಹೆಂಗಸರು ವಹಿನಿ, ವಹಿನಿ ಎಂದು ಅವಳನ್ನೇ ಮಾತಾಡಿಸಿ ಹೋದರು. ಬಸವಲಿಂಗ ಯಾರೂ ಹೇಳದೆ ಪಾತ್ರೆಗಳನ್ನು ಬಚ್ಚಲಿಗೆ ಒಯ್ದು ತಿಕ್ಕಲು ಕೂತ. ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಹಿಟ್ಟು ನಾದುವ ಪರಾತದಲ್ಲಿ ಇನ್ನೂ ಒಂದು ಮುದ್ದೆ ಉಳಿದಿತ್ತು. ಕುಸುಮಳಿಗೆ ಆಗ ಡಬ್ಬಿಯ ಹಿಟ್ಟು ನೆನಪಾಯಿತು.

“ಅತ್ತೀ, ಹಿಟ್ಟು ನೀವು ಬೀಸಿಸಿದ್ರೇನ್ರಿ?”

“ಹೂಂ. ವಾಚಮನ್ನನ ಕೈಲೆ ಗಿರಣಿಗೆ ಕಳಿಸಿದ್ದೆ.”

“ಮಂದಿನ್ನ ಕರದೀನಿ ಅಂತ ನಮಗ ಯಾಕ ಹೇಳಲಿಲ್ಲ?”

“ನಿನಗ ಗೊತ್ತಿತ್ತಲ್ಲ,” ಎಂದಳು ಶಿವಬಸವ್ವ. “ನೀತಾ ಹೇಳಿದ್ಲು. ಬಸ್ ಸ್ಟಾಪಿನ್ಯಾಗ ಬರ್ರಿ ಬರ್ರಿ ಅಂತ ಉಪಚಾರ ಮಾಡಿದಿಯಂತ.”

ಕುಸುಮಳ ಮುಖ ಕೆಂಪಾಯಿತು. “ತಪ್ಪಾತ್ರಿ. ನೀವು ಮಾತು ತಿಳೀಲಾರದ ಕರದೀರಿ ಅಂತ ಗೊತ್ತಾದ್ರೂ ಸುಮ್ಮನಿದ್ದೆ. ಇವರಿಗೆ ಫಜೀತಿ ಆಗ್ಲಿ ಅಂತ. ಬೈಗಳು ನಿಮಗ ಬಿತ್ತು.”

“ತಿಳೀಲಾರದ?” ಮುದುಕಿ ಸೊಸೆಯನ್ನು ಓರೆಗಣ್ಣಿನಿಂದ ನೋಡಿದಳು. “ನಾ ಈ ಊರಿಗೆ ಬಂದಾಗ ನೀ ಹುಟ್ಟಿದ್ದಿಲ್ಲ. ಸತ್ಕಾರ ಅಂದ್ರ ಶಾಲು ಅಂತ ನನಗ ತಿಳಿಯಂಗಿಲ್ಲೇನು?”

ಅತ್ತೆ ತನಗಾಗಿ ಇಷ್ಟೆಲ್ಲ ಮಾಡಿದಳೇ, ಮಗನ ಬಾಯಿಂದ ಅಷ್ಟೆಲ್ಲ ಅನ್ನಿಸಿಕೊಂಡಳೇ ಎಂದುಕೊಂಡ ಕುಸುಮ ಅತ್ತೆಯ ಕೈ ಹಿಡಿದುಕೊಂಡಳು. ನನ್ನ ಸಲುವಾಗಿ ನೀವು ಎಂದು ಶುರುಮಾಡಿದಳು. ಶಿವಬಸವ್ವ ಅಲ್ಲಿಗೇ ತಡೆದಳು.

“ನಿನ್ನ ಸಲುವಾಗಿ ಅಂತ ಯಾರಂದ್ರು? ನನ್ನ ಹೊಟ್ಟಿ ಉರೀತಿತ್ತು. ಜೀವಮಾನ ಈ ಮನಿ ಅರಿವಿ ಕೈಲೆ ಒಗದೀನಿ, ಒಳ್ಳಾಗ ಚಟ್ನಿ ಕುಟ್ಟೀನಿ. ನನಗ ಯಾರರೆ ಒಂದು ಟೆಂಗಿನಕಾಯಿ ಕೊಟ್ರೇನು? ಇವ ಗುಂಡಿ ಒತ್ತಿದಾ, ಶಾಲು ಹೊಚ್ಚಿದ್ರು. ಬೆಂಚಿನ ಮ್ಯಾಲ ಕುಂತು ಮಂದಿಗೆ ಹೇಳಿ ಹೇಳಿ ನೋಡಿದೆ, ಹೆಣ್ಣಮಕ್ಕಳು ಮಾಡೂದನ್ನ ಇವ ಮಾಡಿದ್ರ ಏನು ದೊಡ್ಡದು ಅಂತ ಯಾರರೆ ಅಂತಾರೇನು ಅಂತ. ಒಬ್ಬರೂ ಅನ್ನಲಿಲ್ಲ. ಅದಕ್ಕ ಊಟಕ್ಕ ಕರದೆ, ಗುಂಡಿ ಒತ್ತಿದ್ರ ಮನಿ ನಡಿಯಂಗಿಲ್ಲ ಅಂತ ಕಣ್ಣಿಲೆ ನೋಡ್ಲಿ ಅಂತ.”

ಬಚ್ಚಲಿನಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು. ಶಿವಬಸವ್ವ ಆ ಕಡೆ ದನಿ ಎತ್ತಿ, ನಾಳೆಯಿಂದ ಈಕೆ ಏಳುವ ಹೊತ್ತಿಗೆ ಗೀಸರ್ ಹಾಕಿರಬೇಕು, ಬಿಲ್ಲು ಬಂದರೆ ಬರಲಿ ಎಂದಳು. ಹೂಂ ಎಂದು ಬಚ್ಚಲಿನಿಂದ ಸಣ್ಣ ದನಿ ಬಂತು. ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

“ನಿನ್ನ ಮ್ಯಾಲೂ ಉರದೀನಿ,” ಎಂದಳು ಶಿವಬಸವ್ವ ಈಗ ದನಿ ತಗ್ಗಿಸಿ. “ನೀ ಬಂದ ವರ್ಷನ ಅವ ಊಟಕ್ಕ ಕುಂತು, ಅವ್ವಾ, ಇಕಿ ರೊಟ್ಟಿ ನಿನ್ನ ರೊಟ್ಟಿಗಿಂತ ಮೆತ್ತಗ ಅದ ಅಂದಾ. ಅವತ್ತಿನಿಂದ ನಿನ್ನ ರೊಟ್ಟಿ ಚಲೋ ಅದ ಅಂತ ನನ್ನ ಬಾಯಾಗ ಬಂದಿಲ್ಲ. ಬರಂಗೂ ಇಲ್ಲ.”

ಹಾಗೆಂದವಳು ಸೊಸೆಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಪರಾತದ ಎದುರು ನಿಂತಳು. ಭುಜ ಹಿಡಿದುಕೊಂಡ ಮೇಲೆ ರೊಟ್ಟಿ ಬಿಟ್ಟವಳು ಅವಳು. ಕುಸುಮ ಬೇಡವೆಂದರೂ ಕೇಳಲಿಲ್ಲ. ಮುದ್ದೆಯನ್ನು ಮತ್ತೆ ನಾದಿದಳು, ತುಟಿ ಕಚ್ಚಿ ಬಡಿದಳು, ನಡುನಡುವೆ ನಿಂತು ಉಸಿರು ಎಳೆದುಕೊಂಡಳು. ಒಂದು ಅಂಚು ಸೀಳಿತು. ಹಂಚಿನಿಂದ ಇಳಿಸಿ ಕುಸುಮಳ ತಟ್ಟೆಗೆ ಹಾಕಿದಳು.

“ತಿಂದು ಹೇಳು. ಹೆಂಗ ಅದ?”

ಬೆಳಗಿನಿಂದ ಏನೂ ತಿಂದಿರದ ಕುಸುಮ ಒಂದು ಚೂರು ಮುರಿದು ಬಾಯಿಗಿಟ್ಟಳು. ರೊಟ್ಟಿ ತೆಳ್ಳಗಿತ್ತು. ನಡು, ಅಂಚು ಎಲ್ಲ ಒಂದೇ ಸಮ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗೆ. ಇಷ್ಟು ವರ್ಷ ದಿನಾ ಬಡಿದರೂ ಅವಳ ಕೈಗೆ ಒಂದು ಸಲವೂ ಹೀಗೆ ಬಂದಿರಲಿಲ್ಲ. ಈಗಷ್ಟೇ ತಣ್ಣಗಾಗಿದ್ದ ಹೊಟ್ಟೆಯಲ್ಲಿ ಚುರ್ ಎಂದಿತು. ಇನ್ನೊಂದು ಚೂರು ಮುರಿದು ತಿಂದಳು.

“ಸ್ವಲ್ಪ ದಪ್ಪ ಆಗ್ಯದ್ರಿ ಅತ್ತೀ,” ಎಂದಳು.

ಶಿವಬಸವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೈಯ ಹಿಟ್ಟು ಕೊಡವಿ, ಬಾಯಿ ತುಂಬ ನಕ್ಕಳು.

“ಈಗ ನೋಡು ನೀ ನನ್ನ ಸೊಸಿ ಆದಿ.”